ರಾತ್ರಿ ಎರಡು ಗಂಟೆಗೆ ನಲ್ಲಿ ತಿರುಗಿಸುವ ಅಪ್ಪ

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲೆ ಮೂವತ್ತು ವರ್ಷ ನೀರುಗಂಟಿಯಾಗಿ ದುಡಿದವರು. ನಾಲ್ಕು ವರ್ಷದ ಹಿಂದೆ ಅಲ್ಝೈಮರ್ ಕಾಯಿಲೆ ಎಂದು ಗೊತ್ತಾಯಿತು. ಅಮ್ಮ ತೀರಿಕೊಂಡ ಮೇಲೆ ಮಂಡ್ಯದ ನಮ್ಮ ಮನೆಯಲ್ಲೇ ಇದ್ದರು. ಎರಡು ಸಲ ಹೇಳದೆ ಹೊರಟುಹೋದರು. ಒಮ್ಮೆ ನಾಲೆಯ ಏರಿಯ ಮೇಲೆ ಸಿಕ್ಕಿದರು. ನಾನೂ ನಮ್ಮ ಯಜಮಾನರೂ ಕೆಲಸಕ್ಕೆ ಹೋಗುವವರು. ಬೇರೆ ದಾರಿ ಕಾಣದೆ ಐದು ವಾರದ ಹಿಂದೆ ಮೈಸೂರಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ನಲ್ಲಿಗಳನ್ನೆಲ್ಲ ತಿರುಗಿಸಿಬಿಡುತ್ತಾರಂತೆ, ಟ್ಯಾಂಕು ಖಾಲಿಯಾಗುತ್ತದಂತೆ. ತಡೆದರೆ ಕೈ ಎತ್ತುತ್ತಾರಂತೆ. ಹೋದ ವಾರ ಅವರ ಮಣಿಕಟ್ಟಿನಲ್ಲಿ ಗುರುತು ಕಂಡು ಕೇಳಿದೆ. ರಾತ್ರಿ ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತೇವೆ ಎಂದರು. ನಿದ್ರೆ ಮಾತ್ರೆ ಬರೆಸಿಕೊಂಡು ಬನ್ನಿ, ಇಲ್ಲವಾದರೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ನಾನು ಬಂದು ಹೋದ ಮೇಲೆ ‘ಊರಿಗೆ ಹೋಗಬೇಕು’ ಎಂಬ ಗಲಾಟೆ ಜಾಸ್ತಿ, ಒಂದು ತಿಂಗಳು ಬರಬೇಡಿ ಎಂದೂ ಹೇಳಿದ್ದಾರೆ. ಇತ್ತ ನೆಂಟರು, ಹೆತ್ತ ತಂದೆಯನ್ನು ಆಶ್ರಮಕ್ಕೆ ಬಿಟ್ಟುಬಂದಳು ಎಂದು ಆಡಿಕೊಳ್ಳುತ್ತಿದ್ದಾರೆ. ಏನು ಮಾಡಲಿ?
— ಒಬ್ಬ ಮಗಳು, ಮಂಡ್ಯ

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಟ್ಟಿಹಾಕುವ ಸಾಲಿನ ಹತ್ತಿರ ಸಿಟ್ಟು ಬಂತು. ಎರಡನೆಯ ಸಲ ಎರಡನೆಯ ವಾಕ್ಯದಲ್ಲೇ ನಿಂತುಬಿಟ್ಟೆ. ನೀರುಗಂಟಿ!

ನೀರುಗಂಟಿ ಎಂದರೇನೆಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಮೈಸೂರಿನ ಆ ಕೇಂದ್ರದ ರಾತ್ರಿ ಪಾಳಿಯ ಹುಡುಗನಿಗೆ ಯಾರಾದರೂ ಹೇಳಲೇಬೇಕು. ಸರದಿಯ ನೀರು ಹಗಲು ಬಂದರೂ ಸರಿ, ನಡುರಾತ್ರಿ ಬಂದರೂ ಸರಿ, ಎದ್ದು ಹೋಗಿ ತೂಬು ಎತ್ತಬೇಕು. ಮೇಲಿನವರ ಗದ್ದೆ ತುಂಬಿದ ಮೇಲೆ ಇಳಿಸಬೇಕು. ಕೊನೆಯ ಭಾಗದವರಿಗೆ ನೀರು ಮುಟ್ಟದಿದ್ದರೆ ಬೈಗುಳ ತಿನ್ನಬೇಕು. ಮೂವತ್ತು ವರ್ಷ ಹಾಗೆ ಬದುಕಿದ ಮನುಷ್ಯ ಈಗ ರಾತ್ರಿ ಎರಡಕ್ಕೆ ಎದ್ದು, ಕತ್ತಲಲ್ಲಿ ತಡಕಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸಿ ನೀರು ಬಿಡುತ್ತಿದ್ದಾರೆ. ತಡೆಯಲು ಬಂದವನು ಅವರ ಕಣ್ಣಿಗೆ ಆರೈಕೆಯ ಹುಡುಗನಾಗಿ ಕಾಣುತ್ತಾನೆಯೇ, ಸರದಿ ತಪ್ಪಿಸಿ ನೀರು ಕದಿಯಲು ಬಂದವನಾಗಿ ಕಾಣುತ್ತಾನೆಯೇ? ಕೈ ಎತ್ತಿದರೆ ಆಶ್ಚರ್ಯವೇನಿದೆ?

ಅಲ್ಝೈಮರ್ ಸಾಮಾನ್ಯವಾಗಿ ಮೊದಲು ಕೆಡಿಸುವುದು ಮಿದುಳಿನಲ್ಲಿ ಹೊಸ ನೆನಪು ದಾಖಲಾಗುವ ಜಾಗವನ್ನು, ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು. ಐದು ವಾರದ ಹಿಂದೆ ಕಾರಿನಲ್ಲಿ ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಬಂದದ್ದು ನಿಮ್ಮ ತಂದೆಯ ತಲೆಯಲ್ಲಿ ಬಹುಶಃ ಬರೆದುಕೊಂಡೇ ಇಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಮಾತ್ರ ಮಿದುಳಿನ ಬೇರೆ ಕಡೆ ಕುಳಿತಿರುತ್ತದೆ, ಬಹುಕಾಲ ಉಳಿಯುತ್ತದೆ. ಮಗಳ ಹೆಸರು ಮರೆತಿದ್ದ ಅಜ್ಜಿಯೊಬ್ಬರನ್ನು ನಾನು ನೋಡಿದ್ದೇನೆ. ಮಡಿಲಿಗೆ ಒಂದು ಬೊಗಸೆ ಮಲ್ಲಿಗೆ, ಕೈಗೆ ನೆನೆಸಿದ ಬಾಳೆನಾರು ಕೊಟ್ಟರೆ ಸಾಕು, ಬೆರಳುಗಳು ತಾವೇ ಗಂಟು ಹಾಕುತ್ತಿದ್ದವು. ಕಿಟಕಿಯ ಆಚೆ ನೋಡುತ್ತಾ ಒಂದು ಮೊಳ ಕಟ್ಟಿ ಮುಗಿಸುತ್ತಿದ್ದರು. ಕಟ್ಟಿದವರು ಯಾರು ಎಂದು ಕೇಳಿದರೆ ಪಕ್ಕದವರನ್ನು ತೋರಿಸುತ್ತಿದ್ದರು.

ಹಾಗೆಂದು ವೈದ್ಯನಾದವನು ಕಥೆಗೆ ಮರುಳಾಗಬಾರದು. ಮೊದಲು ಮೈ ನೋಡಬೇಕು. ವಯಸ್ಸಾದ ಗಂಡಸು ರಾತ್ರಿ ಎರಡಕ್ಕೆ ಎದ್ದು ಸ್ನಾನದ ಮನೆಯ ಕಡೆ ಹೋಗುತ್ತಾರೆಂದರೆ ಮೂತ್ರಕ್ಕೆ ಅವಸರವಾಗಿರಬಹುದು, ಪ್ರಾಸ್ಟೇಟ್ ತೊಂದರೆ ಇರಬಹುದು. ಮೂತ್ರದ ಸೋಂಕು, ನಾಲ್ಕು ದಿನದಿಂದ ಕಟ್ಟಿಕೊಂಡ ಮಲ, ಮಂಡಿನೋವು, ನೀರು ಕುಡಿಯದಿರುವುದು, ಇವೆಲ್ಲ ಇಂಥವರಲ್ಲಿ ಹೊಟ್ಟೆನೋವೆಂದೋ ಉರಿಯೆಂದೋ ಹೊರಗೆ ಬರುವುದಿಲ್ಲ, ಗಲಾಟೆಯಾಗಿ ಬರುತ್ತವೆ. ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಏರಿದ್ದರೆ ಅದನ್ನು ಮರೆವಿನ ಕಾಯಿಲೆಯ ಲೆಕ್ಕಕ್ಕೆ ಬರೆಯಬೇಡಿ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದದ್ದು ಅದನ್ನೇ. ಅದಕ್ಕೆ ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಸಲ ಇಳಿಯುತ್ತದೆ. ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ನೆಗಡಿಗೆಂದು ಕೊಡುವ ಕ್ಲೋರ್‌ಫೆನಿರಮೈನ್ ಇರುವ ಗುಳಿಗೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಗುಳಿಗೆಗಳು ಗೊಂದಲವನ್ನು ಹೆಚ್ಚಿಸುತ್ತವೆ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಅನ್ನು ರಾತ್ರಿ ನುಂಗುತ್ತಿದ್ದರೆ ಕೆಲವರಿಗೆ ಕೆಟ್ಟ ಕನಸು ಬೀಳುತ್ತವೆ. ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಎಲ್ಲಾದರೂ ಸರಿ, ನಿದ್ರೆ ಮಾತ್ರೆಯ ಮಾತಿಗೆ ಮೊದಲು ಇಷ್ಟು ಪರೀಕ್ಷೆ ಆಗಲಿ.

ಇನ್ನೊಂದು ಪ್ರಶ್ನೆಯನ್ನು ಕೇಂದ್ರದವರಿಗೆ ಕೇಳಿ. ರಾತ್ರಿ ಊಟ ಎಷ್ಟು ಗಂಟೆಗೆ, ಮಲಗಿಸುವುದು ಎಷ್ಟು ಗಂಟೆಗೆ? ನಾನು ಹೋಗಿ ಬಂದ ಹಲವು ಕಡೆ ಆರೂವರೆಗೆ ಊಟ ಮುಗಿದು ಏಳೂವರೆಗೆ ದೀಪ ಆರುತ್ತದೆ, ಏಕೆಂದರೆ ಎಂಟಕ್ಕೆ ಪಾಳಿ ಬದಲಾಗಬೇಕು. ಏಳೂವರೆಗೆ ಮಲಗಿದ ಎಪ್ಪತ್ತಾರರ ಮನುಷ್ಯ ಎರಡು ಗಂಟೆಗೆ ಎದ್ದರೆ ಅದಕ್ಕೆ ನಿದ್ರಾಹೀನತೆ ಎಂದು ಹೆಸರಿಡುವುದು ಅನ್ಯಾಯ. ಅವರ ನಿದ್ರೆ ಮುಗಿದಿದೆ! ಅದರ ಮೇಲೆ ಹಗಲೆಲ್ಲ ಟಿವಿಯ ಮುಂದೆ ಕುರ್ಚಿಯಲ್ಲಿ ತೂಕಡಿಸಿರುತ್ತಾರೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡಿಗೆ, ಮಧ್ಯಾಹ್ನದ ನಿದ್ದೆಗೆ ಮಿತಿ, ರಾತ್ರಿ ಒಂಬತ್ತಕ್ಕೆ ಒಂದು ಲೋಟ ರಾಗಿ ಗಂಜಿ, ಒಂಬತ್ತೂವರೆಯ ಮೇಲೆ ಹಾಸಿಗೆ. ಇದನ್ನು ಎರಡು ವಾರ ನಡೆಸಿ ನೋಡಲಿ.

ನಲ್ಲಿಯ ವಿಷಯಕ್ಕೆ ಪರಿಹಾರ ಪ್ಲಂಬರನ ಬಳಿ ಇದೆ, ಮನೋವೈದ್ಯನ ಬಳಿ ಇಲ್ಲ. ರಾತ್ರಿ ಆ ಮಹಡಿಗೆ ಹೋಗುವ ವಾಲ್ವನ್ನು ಮುಚ್ಚಿ, ಶೌಚಕ್ಕೆ ಬಕೆಟ್ಟಿನಲ್ಲಿ ನೀರು ತುಂಬಿಟ್ಟರೆ ಟ್ಯಾಂಕು ಖಾಲಿಯಾಗುವುದಿಲ್ಲ. ಮಂಚ ತಗ್ಗಾಗಿರಲಿ, ಶೌಚಾಲಯದ ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ನೆಲ ಒಣಗಿರಲಿ, ಕಾಲಿಗೆ ಜಾರದ ಚಪ್ಪಲಿ ಇರಲಿ. ಅವರು ಎದ್ದಾಗ ಹುಡುಗನೂ ಎದ್ದು ಜೊತೆಗೆ ನಡೆಯಲಿ, ಎದುರಿಗೆ ಅಡ್ಡ ನಿಲ್ಲದಿರಲಿ. ಅವನು ಒಂದೇ ಒಂದು ಮಾತು ಕಲಿತರೆ ಸಾಕು: ‘ಯಜಮಾನರೇ, ಕೊನೆಯ ಗದ್ದೆಗೂ ನೀರು ಮುಟ್ಟಿತು, ತೂಬು ಇಳಿಸಿದ್ದೇನೆ.’ ಸುಳ್ಳು ಹೇಳಿಕೊಡುತ್ತೀರಲ್ಲ ಎಂದು ನನ್ನನ್ನು ಕೇಳಿದವರಿದ್ದಾರೆ. ಹೌದು, ಹೇಳಿಕೊಡುತ್ತೇನೆ. ಗಂಟು ಹಾಕಿದ ಬಟ್ಟೆಗಿಂತ ಈ ಸುಳ್ಳು ಮೇಲು ಎಂಬುದು ನನ್ನ ಲೆಕ್ಕ. ಮಾತಿಗಿಂತ ಮೊದಲು ಹಗಲು ಹೊತ್ತಿನಲ್ಲಿ ಅವರ ಕೈಗೊಂದು ಕೆಲಸ ಕೊಡಬೇಕು. ಸಂಜೆ ಐದಕ್ಕೆ ಅಂಗಳದ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವುದು ಅವರದೇ ಜವಾಬ್ದಾರಿಯಾಗಲಿ. ಬೆಳಿಗ್ಗೆ ಪತ್ರಿಕೆಯಲ್ಲಿ ಕೆಆರ್‌ಎಸ್ ಕಟ್ಟೆಯ ನೀರಿನ ಮಟ್ಟ ಬರುತ್ತದಲ್ಲ, ಅದನ್ನು ಓದಿ ಹೇಳಲಿ. ಮಗಳ ಹೆಸರು ತಪ್ಪಬಹುದು, ಕಟ್ಟೆ ತುಂಬಿದಾಗಿನ 124.80 ಅಡಿ ಎಂಬುದನ್ನು ಮಂಡ್ಯದ ನೀರುಗಂಟಿ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

ಇನ್ನು ಕಟ್ಟುವ ಮಾತು. ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ಆಲೋಯಿಸ್ ಅಲ್ಝೈಮರ್, 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಅಗಸ್ಟೆ ಎಂಬ 51 ವರ್ಷದ ಹೆಂಗಸನ್ನು ಪರೀಕ್ಷಿಸಿದರು. ಆಕೆ ತೀರಿಕೊಂಡ 1906ರಲ್ಲೇ ಆಕೆಯ ಮಿದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯ ಮುಂದಿಟ್ಟರು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಕಡಿಮೆ ಜನ ನೆನೆಯುವ ಸಂಗತಿ ಇನ್ನೊಂದಿದೆ. ಆ ಆಸ್ಪತ್ರೆಯ ಮುಖ್ಯಸ್ಥ ಎಮಿಲ್ ಸಿಯೋಲಿ ಮತ್ತು ಅವರ ಕೈಕೆಳಗಿನ ಅಲ್ಝೈಮರ್, ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ಬಿಡಿಸಲು ಶ್ರಮಿಸಿದವರು. ನೂರು ವರ್ಷಕ್ಕೂ ಹಿಂದೆ ಅವರು ಬಿಟ್ಟದ್ದನ್ನು ಇವತ್ತು ಮೈಸೂರಿನಲ್ಲಿ ಹಳೆಯ ಪಂಚೆಯ ತುಂಡಿನಿಂದ ಮಾಡುತ್ತಿದ್ದೇವೆ.

ಬೀಳುತ್ತಾರೆ, ಅದಕ್ಕೇ ಕಟ್ಟುತ್ತೇವೆ ಎಂದು ಅವರು ಹೇಳುತ್ತಾರೆ. ಕಟ್ಟಿದ ಮನುಷ್ಯನ ಕಾಲಿನ ಸ್ನಾಯು ದಿನದಿಂದ ದಿನಕ್ಕೆ ಸೊರಗುತ್ತದೆ, ಬಿಚ್ಚಿದ ದಿನ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಬೆನ್ನಿನಲ್ಲಿ ಹುಣ್ಣಾಗುತ್ತದೆ, ಮೂತ್ರ ಹಾಸಿಗೆಯಲ್ಲೇ ಹೋಗುತ್ತದೆ, ಬಿಡಿಸಿಕೊಳ್ಳಲು ಹೋಗಿ ಉಸಿರುಕಟ್ಟಿ ಸತ್ತವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯೊಂದಿಗೆ, ದಾಖಲೆ ಬರೆದು, ಬೇಕಾದಷ್ಟು ಹೊತ್ತು ಮಾತ್ರ. ಸಿಬ್ಬಂದಿ ಸಾಲದು ಎಂಬುದು ಕಾರಣವಾಗಕೂಡದು ಎಂದೂ ಅದರಲ್ಲಿದೆ. ನಿಮ್ಮ ಕೇಂದ್ರ ಆ ಕಾಯ್ದೆಯ ಅಡಿ ನೋಂದಣಿಯಾಗಿದೆಯೇ ಎಂಬ ವಾದಕ್ಕೆ ನೀವು ಇಳಿಯಬೇಕಾಗಿಲ್ಲ. ಒಂದು ಕಾಗದ ಬರೆಯಿರಿ. ಕಟ್ಟಲು ನನ್ನ ಒಪ್ಪಿಗೆ ಇಲ್ಲ. ಇದುವರೆಗೆ ಯಾವ ಯಾವ ರಾತ್ರಿ, ಎಷ್ಟು ಹೊತ್ತು, ಯಾರು ಹೇಳಿ ಕಟ್ಟಿದಿರಿ ಎಂಬುದನ್ನು ಲಿಖಿತವಾಗಿ ಕೊಡಿ. ಮಣಿಕಟ್ಟಿನ ಫೋಟೊ ತೆಗೆದಿಡಿ. ಬಾಯಿಮಾತಿಗೆ ಬಗ್ಗದವರು ಕಾಗದಕ್ಕೆ ಬಗ್ಗುವುದನ್ನು ನಾನು ನೋಡಿದ್ದೇನೆ.

ನಿದ್ರೆ ಮಾತ್ರೆಯ ಬಗ್ಗೆ ಬರೆಯುವಾಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸ ಶುರುಮಾಡಿದ ಹೊಸದರಲ್ಲಿ, ಸ್ನಾನ ಮಾಡಿಸಲು ಹೋದರೆ ಹೊಡೆಯುತ್ತಾರೆ ಎಂದು ಆಯಾಗಳು ದೂರಿದ ಅಜ್ಜಿಯೊಬ್ಬರಿಗೆ, ಸ್ನಾನದ ಮನೆಯನ್ನೇ ನೋಡದೆ ಮಾತ್ರೆ ಬರೆದೆ. ಹತ್ತೇ ದಿನದಲ್ಲಿ ಅವರು ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಮತ್ತೆ ನಡೆಯಲಿಲ್ಲ. ಅದಾದ ಎಷ್ಟೋ ದಿನದ ಮೇಲೆ ಆ ಸ್ನಾನದ ಮನೆಗೆ ಹೋಗಿ ನಿಂತೆ. ಗೋಡೆಯ ತುಂಬ ಬಿಳಿ ಟೈಲ್ಸ್, ತಲೆಯ ಮೇಲೆ ಷವರ್. ಜೀವಮಾನದಲ್ಲಿ ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಹುಯ್ದುಕೊಂಡ ಹೆಂಗಸನ್ನು, ಬತ್ತಲೆ ನಿಲ್ಲಿಸಿ, ಎಲ್ಲಿಂದಲೋ ಮುಖಕ್ಕೆ ನೀರು ರಾಚಿದರೆ ಕೂಗದೆ ಏನು ಮಾಡುತ್ತಾರೆ? ಅಲ್ಲಿಗೆ ಹೊಸದಾಗಿ ಬಂದಿದ್ದ ಆಯಾ ಒಬ್ಬಳು, ಮಳವಳ್ಳಿ ಕಡೆಯವಳು, ಯಾರೂ ಹೇಳಿಕೊಡದೆಯೇ ಬೇರೆ ದಾರಿ ಹಿಡಿದಿದ್ದಳು. ಅಜ್ಜಿಯರನ್ನು ತಗ್ಗಿನ ಸ್ಟೂಲಿನ ಮೇಲೆ ಕೂರಿಸಿ, ಹೆಗಲ ಮೇಲೆ ಟವೆಲ್ ಹೊದಿಸಿ, ಬಕೆಟ್ ಮುಂದಿಟ್ಟು, ಮೊದಲು ಅವರ ಪಾದದ ಮೇಲೆ ಒಂದಿಷ್ಟು ನೀರು ಬಿಟ್ಟು, ‘ಬಿಸಿ ಸಾಕಾ ಅವ್ವ?’ ಎಂದು ಕೇಳಿ, ಚೊಂಬನ್ನು ಅವರ ಕೈಗೇ ಕೊಟ್ಟುಬಿಡುತ್ತಿದ್ದಳು. ಅವರೇ ಹುಯ್ದುಕೊಳ್ಳುತ್ತಿದ್ದರು, ಇವಳು ಬೆನ್ನು ಉಜ್ಜುತ್ತಿದ್ದಳು. ಅವಳ ಪಾಳಿಯಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ನಾನು ಎಂ.ಡಿ. ಮಾಡಿದ್ದೆ, ಅವಳು ಏಳನೇ ತರಗತಿ.

ರಿಸ್ಪೆರಿಡೋನ್, ಕ್ವೆಟಿಯಾಪೀನ್, ಒಲಾಂಜಪೀನ್‌ನಂಥ, ಮನೋವಿಕಾರಕ್ಕೆಂದು ಇರುವ ಮಾತ್ರೆಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯವನ್ನು 1.6ರಿಂದ 1.7 ಪಟ್ಟು ಏರಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. ನಿದ್ರೆಗೂ ಆತಂಕಕ್ಕೂ ಕೊಡುವ ಕ್ಲೊನಾಜೆಪಾಮ್, ಆಲ್‌ಪ್ರಜೊಲಾಮ್ ಬೀಳಿಸುತ್ತವೆ, ಗೊಂದಲ ಹೆಚ್ಚಿಸುತ್ತವೆ. ಎಂದೂ ಕೊಡಲೇಬಾರದು ಎನ್ನುತ್ತಿಲ್ಲ. ಇಲ್ಲದ್ದು ಕಂಡು ರಾತ್ರಿಯಿಡೀ ಭಯದಿಂದ ನಡುಗುವವರಿಗೆ, ಇತರರ ಜೀವಕ್ಕೆ ಅಪಾಯವಾಗುವಷ್ಟು ಕೆರಳುವವರಿಗೆ ನಾನೂ ಕಡಿಮೆ ಪ್ರಮಾಣದಲ್ಲಿ ಬರೆಯುತ್ತೇನೆ, ಕೆಲವು ವಾರಗಳಲ್ಲಿ ಇಳಿಸಲು ನೋಡುತ್ತೇನೆ. ನೀರು ಬಿಡುವ ನೀರುಗಂಟಿಗೆ ಬರೆಯುವುದಿಲ್ಲ. ಈಗಾಗಲೇ ಏನಾದರೂ ಕೊಡುತ್ತಿದ್ದರೆ ಹೆಸರು, ಪ್ರಮಾಣ, ಯಾವಾಗಿನಿಂದ ಎಂಬುದನ್ನು ಕೇಳಿ ಬರೆದುಕೊಳ್ಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ತಿಂಗಳು ಬರಬೇಡಿ ಎಂದರಲ್ಲ, ಅದನ್ನು ಕೇಳಬೇಡಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ವಾರಗಳು ಬೇಕಾಗುತ್ತವೆ, ನಿಜ. ಆದರೆ ಆ ವಾರಗಳಲ್ಲಿ ಅವರಿಗೆ ಗುರುತಿನದು ಎಂದು ಇರುವುದು ನಿಮ್ಮ ದನಿ ಒಂದೇ. ಬದಲಿಸಬೇಕಾದದ್ದು ಹೋಗುವ ಹೊತ್ತನ್ನು. ಸಂಜೆ ಬೆಳಕು ಇಳಿಯುವಾಗ ಇವರಲ್ಲಿ ಅನೇಕರಿಗೆ ತಳಮಳ ಏರುತ್ತದೆ. ಕೆಲಸ ಮುಗಿಸಿ ಬಸ್ಸು ಹತ್ತಿ ನೀವು ತಲುಪುವುದು ಸರಿಯಾಗಿ ಆ ಹೊತ್ತಿಗೇ ಇರಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ. ಹೊರಡುವಾಗ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು ‘ಹೋಗಿಬರುತ್ತೇನೆ ಅಪ್ಪ’ ಎಂದರೆ ಅವರೂ ಎದ್ದು ನಿಲ್ಲುತ್ತಾರೆ, ಯಾರು ತಾನೇ ನಿಲ್ಲುವುದಿಲ್ಲ? ಊಟದ ತಟ್ಟೆ ಬರುವ ಹೊತ್ತಿಗೆ, ಅವರ ಗಮನ ಅದರ ಕಡೆ ಹೊರಳಿದಾಗ, ಕೈಚೀಲವನ್ನು ಮೊದಲೇ ಕಚೇರಿಯಲ್ಲಿ ಬಿಟ್ಟಿದ್ದು, ಸದ್ದಿಲ್ಲದೆ ಎದ್ದುಬನ್ನಿ. ನಡುವೆ ಒಮ್ಮೊಮ್ಮೆ ಹೇಳದೆಯೂ ಹೋಗಿ. ಮನೆಯವರು ಬರುತ್ತಿರುವ ಮಂಚದ ಹಾಸು ಬೇಗ ಬದಲಾಗುತ್ತದೆ. ಇದು ಕಹಿಯಾದರೂ ನಾನು ಕಣ್ಣಾರೆ ಕಂಡದ್ದು.

‘ಊರಿಗೆ ಹೋಗಬೇಕು’ ಎಂಬುದಕ್ಕೆ ‘ಇದೇ ಮನೆ, ಮರೆತುಬಿಟ್ಟಿರಾ?’ ಎಂಬ ಉತ್ತರ ಬೇಡ. ಎಷ್ಟೋ ಜನ ತಮ್ಮ ಸ್ವಂತ ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕು ಎನ್ನುತ್ತಾರೆ. ಹಸಿವೋ, ಭಯವೋ, ಬೇಸರವೋ ಆ ಮಾತಿನ ಒಳಗೆ ಇರುತ್ತದೆ. ಊರಿನ ಬಗ್ಗೆಯೇ ಕೇಳಿ. ಊರಲ್ಲಿ ಯಾವ ಗದ್ದೆಗೆ ಮೊದಲು ನೀರು, ತೂಬಿನ ಪಕ್ಕ ಇದ್ದದ್ದು ಹುಣಸೆ ಮರವೋ ಆಲದ ಮರವೋ. ಅಮ್ಮ ಎಲ್ಲಿ ಎಂದು ಕೇಳಿದರೆ, ದಯವಿಟ್ಟು, ತೀರಿಕೊಂಡರಲ್ಲ ಎಂದು ಪ್ರತಿಸಲವೂ ಹೇಳಬೇಡಿ. ನಿಮಗೆ ಅದು ಹಳೆಯ ಸುದ್ದಿ, ಅವರಿಗೆ ಪ್ರತಿಸಲವೂ ಅವತ್ತೇ ಸಾವು. ‘ಅಮ್ಮನ ನೆನಪಾಯಿತಾ ಅಪ್ಪ? ಅಮ್ಮನ ಬಸ್ಸಾರಿನ ರುಚಿ ಯಾರಿಗೂ ಬರಲಿಲ್ಲ’ ಎನ್ನಿ. ಮಾತು ತಾನಾಗಿ ಬೇರೆ ಕಡೆ ಹರಿಯುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೂ ಎರಡು ಮಾತು. ಬಿಳಿ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಈ ಕಾಯಿಲೆಯವರಿಗೆ ಅನ್ನ ಎಲ್ಲಿದೆ ಎಂದೇ ಕಾಣದಿರಬಹುದು. ಬಣ್ಣದ ತಟ್ಟೆ, ಇಲ್ಲವೇ ಬಾಳೆಯೆಲೆ ಒಳ್ಳೆಯದು. ಚಮಚ ಕೊಟ್ಟರೆ ಸುಮ್ಮನೆ ಕೂರುವವರು ಕೈತುತ್ತು ಎಂದರೆ ತಾವೇ ತಿನ್ನುತ್ತಾರೆ. ಮುದ್ದೆ ನುಂಗುವಾಗ ಕೆಮ್ಮು ಬರಲಾರಂಭಿಸಿದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಾಯಿಲೆಯ ಕೊನೆಯ ಹಂತದಲ್ಲಿ ನುಂಗುವುದೇ ಮರೆಯುತ್ತದೆ. ಆಗ ಮೂಗಿನ ನಳಿಗೆ ಹಾಕಿಸುವುದಕ್ಕಿಂತ ನಿಧಾನವಾಗಿ ಕೈಯಿಂದ ಉಣಿಸುವುದು ಮೇಲು ಎಂಬುದು ಇವತ್ತಿನ ವೈದ್ಯಕೀಯದ ಅಭಿಪ್ರಾಯವೂ ಹೌದು. ಆ ದಿನ ಇನ್ನೂ ದೂರ ಇದೆ, ಈಗಲೇ ಅದನ್ನು ಎಣಿಸುತ್ತಾ ಕೂರಬೇಡಿ.

ನೆಂಟರ ಬಾಯಿಗೆ ನನ್ನಲ್ಲಿ ಔಷಧಿ ಇಲ್ಲ. ಕಾನೂನು ನಿಮ್ಮ ಕಡೆ ಇದೆ ಎಂದಷ್ಟೇ ಹೇಳಬಲ್ಲೆ. 2007ರ ಹಿರಿಯ ನಾಗರಿಕರ ಕಾಯ್ದೆ, ನೋಡಿಕೊಳ್ಳಬೇಕಾದವರು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವುದನ್ನು ಅಪರಾಧ ಎನ್ನುತ್ತದೆ. ದುಡ್ಡು ಕಟ್ಟಿ, ವಾರವಾರ ಹೋಗಿ, ಮಣಿಕಟ್ಟಿನ ಗುರುತು ಕಂಡು ನಿದ್ದೆಗೆಟ್ಟವರು ಕೈಬಿಟ್ಟವರಲ್ಲ. ನಾಲೆಯ ಏರಿಯ ಮೇಲೆ ಅವರು ಸಿಕ್ಕದೆ ಹೋಗಿದ್ದರೆ ಇದೇ ನೆಂಟರು ಏನೆನ್ನುತ್ತಿದ್ದರು ಎಂದು ಯೋಚಿಸಿ.

ಮನೆಗೆ ವಾಪಸ್ ಕರೆತರಬೇಕೇ? ಈಗಲೇ ಬೇಡ ಎನ್ನುತ್ತೇನೆ. ಕೇಂದ್ರಕ್ಕೆ ಎರಡು ಮೂರು ವಾರ ಕೊಡಿ. ಕಟ್ಟುವುದು ನಿಲ್ಲದಿದ್ದರೆ ಮಾತ್ರ ಬೇರೆ ಕಡೆ ನೋಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ದೂರನ್ನೂ ಹೇಳಬಹುದು, ದಾರಿಯನ್ನೂ ಕೇಳಬಹುದು. ಹೊಸ ಜಾಗ ನೋಡಲು ಹಗಲಿನಲ್ಲಿ ಹೋಗಬೇಡಿ. ಹಗಲಿನಲ್ಲಿ ಎಲ್ಲ ಕಡೆಯೂ ನೆಲ ಹೊಳೆಯುತ್ತಿರುತ್ತದೆ. ಸಂಜೆ ಏಳಕ್ಕೆ ಹೋಗಿ, ಎಷ್ಟು ಜನ ಆಗಲೇ ಹಾಸಿಗೆಯಲ್ಲಿದ್ದಾರೆ ನೋಡಿ, ರಾತ್ರಿ ಎಷ್ಟು ಜನಕ್ಕೆ ಎಷ್ಟು ಆರೈಕೆದಾರರು ಎಂದು ಕೇಳಿ, ಅವರಲ್ಲಿ ಕನ್ನಡ ಬಲ್ಲವರು ಯಾರು ಎಂದೂ ಕೇಳಿ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಹಿಂದೆ ಸರಿದು ತಾಯಿಭಾಷೆ ಉಳಿಯುವುದೇ ಹೆಚ್ಚು. ‘ಪಾನಿ ಪೀಯೊ’ ಎಂದರೆ ನಿಮ್ಮ ತಂದೆ ನೀರು ಕುಡಿಯುವುದಿಲ್ಲ.

ಈ ಭಾನುವಾರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಊರಲ್ಲಿ ಅವರನ್ನು ಜನ ಏನೆಂದು ಕರೆಯುತ್ತಿದ್ದರು. ‘ತಾತ’ ಎಂದರೆ ತಿರುಗಿ ನೋಡದವರು ಆ ಹೆಸರಿಗೆ ನೋಡುತ್ತಾರೆ. ಎಷ್ಟಕ್ಕೆ ಏಳುತ್ತಿದ್ದರು, ಟೀಗೆ ಎಷ್ಟು ಸಕ್ಕರೆ, ಬೀಡಿಯೋ ಎಲೆಯಡಿಕೆಯೋ, ಸ್ನಾನಕ್ಕೆ ಮೊದಲೋ ಆಮೇಲೋ ತಿಂಡಿ, ಯಾವ ಕಿವಿ ಮಂದ, ಯಾವ ದೇವರ ಹೆಸರು ಹೇಳಿ ಮಲಗುತ್ತಿದ್ದರು, ತೂಬು, ಸರದಿ, ಕೊನೆಯ ಭಾಗದವರ ಜಗಳ. ಕನ್ನಡಕಕ್ಕೂ ಕಿವಿಯ ಯಂತ್ರಕ್ಕೂ ಹೆಸರು ಬರೆದು ಅಂಟಿಸಿ. ಇಂಥ ಕಡೆ ಮೊದಲು ಕಳೆಯುವುದೇ ಅವು. ಅವರ ಹಳೆಯ ಟವೆಲನ್ನೇ ತೆಗೆದುಕೊಂಡು ಹೋಗಿ, ಹೊಸದು ಬೇಡ. ರಾತ್ರಿ ಪಾಳಿಯ ಆ ಹುಡುಗ ಎಷ್ಟು ಗಂಟೆಗೆ ಬರುತ್ತಾನೆ ಎಂದು ವಿಚಾರಿಸಿ, ಒಂದು ದಿನ ಅವನು ಬರುವವರೆಗೂ ಕಾಯಿರಿ. ಅವನ ಹೆಸರು ಕೇಳಿ, ಊರು ಕೇಳಿ. ಹಾಳೆಯನ್ನು ಕಚೇರಿಯಲ್ಲಿ ಕೊಡಬೇಡಿ, ಫೈಲಿಗೆ ಹೋಗುತ್ತದೆ. ಅವನ ಕೈಗೆ ಕೊಡಿ.